ಬಾಲಕನ ದುಡ್ಡು, ಪಾಲಕರ ರುಚಿ

ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಬೆಂಗಳೂರಿನ ಅರಮನೆ ತೋರಿಸಲು ಧೈರ್ಯ ಬೇಕು. ಬಳ್ಳಿ ಹಬ್ಬಿದ ಗೋಡೆಗಳನ್ನೂ ಕೋಟೆಯ ಬುರುಜುಗಳಂಥ ಗೋಪುರಗಳನ್ನೂ ಕಂಡೊಡನೆ ದೊಡ್ಡಮ್ಮ, "ಏನೋ ಇದು, ಅರಮನೆ ಎಂದು ಹೇಳಿ ಚರ್ಚಿಗೆ ಕರೆದುಕೊಂಡು ಬಂದೆಯಲ್ಲ!" ಎಂದರು. ಮೈಸೂರಿನ ಈಗಿನ ಅರಮನೆ ಮುಗಿದದ್ದು 1912ರಲ್ಲಿ, ಇದು 1878ರಲ್ಲಿ. ವಯಸ್ಸಿನಲ್ಲಿ ಇದೇ ಹಿರಿಯದು ಎಂದೆ. ಅವರು ನಂಬಲಿಲ್ಲ.

ಚರ್ಚಿನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಈ ಆಸ್ತಿ ಮೊದಲು ಪಾದ್ರಿ ಗ್ಯಾರೆಟ್ ಅವರದಾಗಿತ್ತು. ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಯ ಮೊದಲ ಪ್ರಾಂಶುಪಾಲರು ಅವರು. 1873ರಲ್ಲಿ ಬ್ರಿಟಿಷ್ ಪಾಲಕರು ಆ ಆಸ್ತಿಯನ್ನು ಚಾಮರಾಜೇಂದ್ರ ಒಡೆಯರ್ ಹೆಸರಿನಲ್ಲಿ 40,000 ರೂಪಾಯಿಗೆ ಕೊಂಡರು. ಅರಸರಿಗೆ ಆಗ ಹತ್ತು ವರ್ಷ. ರಾಜ್ಯದ ಆಡಳಿತ 1831ರಿಂದಲೇ ಬ್ರಿಟಿಷರ ಕೈಯಲ್ಲಿತ್ತು. ಓದಿಗೆ, ರಾಜ್ಯಭಾರದ ತರಬೇತಿಗೆ ಬೆಂಗಳೂರಿಗೆ ಬರುವ ಹುಡುಗನಿಗೊಂದು ಮನೆ ಬೇಕಿತ್ತು. ಹಣ ಅವನದು, ಇಂಗ್ಲೆಂಡಿನ ಹಳೆಯ ಟ್ಯೂಡರ್ ಶೈಲಿಯ ವೈಭವ ಪಾಲಕರ ಆಯ್ಕೆ. ಅಧಿಕಾರ ಅವನ ಕೈಗೆ ಬಂದದ್ದು 1881ರಲ್ಲಿ, ಹದಿನೆಂಟು ತುಂಬಿದ ಮೇಲೆ.

ಒಳಗೆ ಗೋಡೆಯಿಂದ ಇಣುಕುವ ಆನೆಯ ತಲೆ, ಆನೆಯ ಪಾದದಿಂದಲೇ ಮಾಡಿದ ಪೀಠ. ಅವನ್ನು ನೋಡಿ ಹೆಮ್ಮೆಪಡುವ ಕಾಲ ಮುಗಿಯಿತು ಎನ್ನಿಸಿತು. ಮಹಡಿಯ ದರ್ಬಾರ್ ಸಭಾಂಗಣದಲ್ಲಿ ಬಣ್ಣದ ಗಾಜಿನ ಕಿಟಕಿಯ ಮುಂದೆ ಎಲ್ಲರೂ ಮೊಬೈಲ್ ಎತ್ತಿದ್ದರು. ದೊಡ್ಡಮ್ಮನ ಕಣ್ಣು ಮಾತ್ರ ಒಂದು ಬದಿಯ ಮರೆಯ ಮೇಲಿತ್ತು. ಅದರ ಹಿಂದೆ ಕುಳಿತು ಅರಮನೆಯ ಹೆಂಗಸರು ದರ್ಬಾರು ನೋಡುತ್ತಿದ್ದರಂತೆ. "ಗಂಡಸರು ಏನು ಮಾತಾಡಿದರು ಎಂಬುದು ಇವರಿಗೇ ಚೆನ್ನಾಗಿ ಗೊತ್ತಿರುತ್ತದೆ" ಎಂದರು.

ನನಗೆ ಹಿಡಿಸಿದ್ದು ಕೆಳಗಿನ ತೆರೆದ ಅಂಗಳ. ನೀಲಿ ಹೆಂಚಿನ ಬಿಲ್ಲೆಗಳನ್ನು ಹೊದಿಸಿದ ಗ್ರಾನೈಟ್ ಆಸನಗಳು, ಮೇಲೆ ಬರಿಯ ಆಕಾಶ. ನಮ್ಮ ತೊಟ್ಟಿಮನೆಗೆ ಇಂಗ್ಲಿಷ್ ಕೋಟು ತೊಡಿಸಿದಂತೆ! ಇಡೀ ಕಟ್ಟಡದಲ್ಲಿ ಕಾಲು ಚಾಚಿ ಕುಳಿತುಕೊಳ್ಳಬೇಕು ಎನ್ನಿಸಿದ ಜಾಗ ಇದೊಂದೇ.

ಹೊರಗಿನ ತೋಟವನ್ನು ರೂಪಿಸಿದವರು ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್. ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದೂ ಅವರ ಕಾಲದಲ್ಲಿ, 1889ರಲ್ಲಿ. ಅವರ ಕೈಗುಣ ಕಾಣಬೇಕಾದರೆ ಇಂದು ಲಾಲ್‌ಬಾಗಿಗೇ ಹೋಗಬೇಕು. ಇಲ್ಲಿ ಉಳಿದಿರುವುದು ಕಟ್ಟಡದ ಎದುರಿನ ಹುಲ್ಲುಹಾಸು, ಒಂದಿಷ್ಟು ಹೂಗಿಡ. ಸುತ್ತಲಿನ ಸುಮಾರು 450 ಎಕರೆಯ ಬಗ್ಗೆ 1996ರಲ್ಲಿ ಸರ್ಕಾರ ಸ್ವಾಧೀನದ ಕಾಯ್ದೆ ತಂದಿತು, ರಾಜಮನೆತನ ನ್ಯಾಯಾಲಯಕ್ಕೆ ಹೋಯಿತು. ವ್ಯಾಜ್ಯ ನಡೆದಷ್ಟು ಕಾಲವೂ ಮೈದಾನ ಸುಮ್ಮನಿರಲಿಲ್ಲ: ಮದುವೆ, ಸಮಾವೇಶ, ಸಂಗೀತ ಸಂಜೆ. ಅರಮನೆಯೊಳಗೆ ಕಾಲಿಡದ ಎಷ್ಟೋ ಬೆಂಗಳೂರಿಗರು ಅರಮನೆ ಮೈದಾನದಲ್ಲಿ ಊಟ ಮಾಡಿದ್ದಾರೆ. ಅಂದೂ ಮುಹೂರ್ತವಿತ್ತು. ಮೇಖ್ರಿ ವೃತ್ತ ದಾಟಲು ಹಿಡಿದ ಹೊತ್ತಿನಲ್ಲಿ ಅರಮನೆಯನ್ನು ಇನ್ನೊಂದು ಸುತ್ತು ನೋಡಬಹುದಿತ್ತು.