ವ್ಯಾಲೇಸ್ ಕಲೆಕ್ಷನ್: ಮೊದಲು ಮಹಡಿ ಹತ್ತಿ

ಲಂಡನ್ನಿನ ವ್ಯಾಲೇಸ್ ಕಲೆಕ್ಷನ್ ಎಂಬ ಕಲಾ ಸಂಗ್ರಹಾಲಯಕ್ಕೆ ನಾವು ಎರಡು ಸಲ ಹೋಗಬೇಕಾಯಿತು. ತಪ್ಪು ನಮ್ಮದೇ. ಮೊದಲ ದಿನ ತಲುಪಿದಾಗಲೇ ಮಧ್ಯಾಹ್ನ ಮೂರೂವರೆ. ನೆಲಮಹಡಿಯ ಕತ್ತಿ, ಕವಚಗಳ ಮುಂದೆ ನಿಂತ ನಮ್ಮ ಯಜಮಾನರು ಕದಲಲೇ ಇಲ್ಲ. ಸಂಜೆ 5ಕ್ಕೆ ಬಾಗಿಲು ಮುಚ್ಚಿತು. ಪ್ರವೇಶ ಉಚಿತವಾದ್ದರಿಂದ ಮರುದಿನ ಮತ್ತೆ ಹೋದರೂ ಕೈ ಸುಡಲಿಲ್ಲ. ಬೆಳಿಗ್ಗೆ 10ಕ್ಕೇ ಹೋಗಿ. ಬಾಂಡ್ ಸ್ಟ್ರೀಟ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ದಾರಿಯಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನ ಅಂಗಡಿಗಳಿಗೆ ನುಗ್ಗಿದಿರೋ, ಆ ದಿನದ ಕತೆ ಮುಗಿದಂತೆಯೇ.

ನನಗೆ ನೋಡಬೇಕಾಗಿದ್ದುದು ಹದಿನೆಂಟನೇ ಶತಮಾನದ ಫ್ರಾನ್ಸಿನ ಅಲಂಕಾರಪ್ರಿಯ ರೊಕೊಕೊ ಶೈಲಿಯ ಚಿತ್ರಗಳ ಗುಂಡುಗುಂಡನೆಯ ಮಕ್ಕಳನ್ನು. ರೆಕ್ಕೆ ಕಂಡೊಡನೆ ದೇವದೂತರು ಎಂದುಬಿಡುತ್ತೇವೆ. ಆದರೆ ಇವರು ಮನ್ಮಥನ ಕಡೆಯವರು. ಕೈಯಲ್ಲಿ ಕಬ್ಬಿನ ಬಿಲ್ಲಿಲ್ಲ, ಅಷ್ಟೆ.

ದೊಡ್ಡ ಮೆಟ್ಟಿಲು ಹತ್ತಿದರೆ ಫ್ರೆಂಚ್ ಚಿತ್ರಕಾರ ಬೂಶೆಯ ‘ಸೂರ್ಯೋದಯ’ (1753) ಮತ್ತು ‘ಸೂರ್ಯಾಸ್ತ’ (1752). ಫ್ರಾನ್ಸಿನ ದೊರೆ ಹದಿನೈದನೇ ಲೂಯಿಯ ಪ್ರೇಯಸಿ ಮದಾಮ್ ದ ಪೊಂಪದೂರ್‌ಳಿಗೆ ಸೇರಿದ್ದ ಚಿತ್ರಗಳಿವು. ಒಂದೊಂದೂ ಮೂರು ಮೀಟರಿಗಿಂತ ಎತ್ತರ. ಮೋಡದ ಮೇಲೂ ಮಕ್ಕಳು, ಅಲೆಯ ಮೇಲೂ ಮಕ್ಕಳು, ಮದುವೆಮನೆಯ ಗಲಾಟೆಯೇ! ತೀರ ಹತ್ತಿರ ನಿಂತರೆ ಬರೀ ಕೈಕಾಲು ಕಾಣುತ್ತವೆ; ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ.

ಅದೇ ಕಾಲದ ಇನ್ನೊಬ್ಬ ಚಿತ್ರಕಾರ ಫ್ರಾಗೊನಾರ್‌ನ ‘ಜೋಕಾಲಿ’ಗೆ ಇದರ ತದ್ವಿರುದ್ಧ. ಸುಮಾರು 1767ರ ಈ ಚಿತ್ರ ಗೋಡೆ ತುಂಬ ಇರಬಹುದೆಂದುಕೊಂಡಿದ್ದೆ. ಎತ್ತರ 81 ಸೆಂಟಿಮೀಟರ್ ಮಾತ್ರ! ಹುಡುಕುತ್ತ ಸುತ್ತುವ ಬದಲು ಕಾವಲಿನವರನ್ನೇ ಕೇಳಿ. 2021ರಲ್ಲಿ ಹಳದಿಗಟ್ಟಿದ್ದ ಹಳೆಯ ವಾರ್ನಿಷ್ ತೆಗೆದಿದ್ದಾರೆ, ಹಾಗಾಗಿ ಅಂಚಿನ ಸಂಗತಿಗಳೂ ಚೆನ್ನಾಗಿ ಕಾಣುತ್ತವೆ. ಎಲ್ಲರೂ ಗುಲಾಬಿ ಲಂಗದವಳನ್ನೂ ಅವಳ ಕಾಲಿನಿಂದ ಹಾರಿದ ಪಾದರಕ್ಷೆಯನ್ನೂ ನೋಡಿ ಮುಂದೆ ಹೋಗುತ್ತಾರೆ. ನೀವು ಎಡಕ್ಕೆ ನೋಡಿ. ಕಲ್ಲಿನ ಪುಟ್ಟ ಮನ್ಮಥ ತುಟಿಯ ಮೇಲೆ ಬೆರಳಿಟ್ಟಿದ್ದಾನೆ. ಕೆಳಗೆ ಪೊದೆಯಲ್ಲಿ ಪ್ರಿಯಕರ ಅಡಗಿದ್ದಾನೆ. ಹಿಂದೆ ಕತ್ತಲಲ್ಲಿ ಹಗ್ಗ ಹಿಡಿದ ಮುದುಕನಿಗೆ ಅದು ಗೊತ್ತಿಲ್ಲ. ‘ಶ್, ಹೇಳಬೇಡಿ’ ಎಂದು ಆ ಪೋರ ಕೇಳಿಕೊಳ್ಳುತ್ತಿರುವುದು ನಮ್ಮನ್ನೇ ಅನ್ನಿಸಿತು. ಜೋಕಾಲಿಯ ಕೆಳಗೆ ಡಾಲ್ಫಿನ್ ಜೊತೆ ಇನ್ನಿಬ್ಬರು ಕಲ್ಲಿನ ಮಕ್ಕಳಿದ್ದಾರೆ. ಅವರಲ್ಲೊಬ್ಬನ ಮುಖದಲ್ಲಿ, ಈ ಹಗ್ಗ ಹರಿದರೆ ಗತಿಯೇನು ಎಂಬ ಗಾಬರಿ. ಮೂರು ಚಿಕ್ಕ ಮುಖಗಳಿಗೆ ನಾನು ಅರ್ಧ ಗಂಟೆ ಕೊಟ್ಟೆ. ಯಜಮಾನರು ಮತ್ತೆ ಕತ್ತಿಗಳ ಕಡೆಗೆ ಇಳಿದು ಹೋಗಿದ್ದರು.

ಬೆರಳಿಟ್ಟ ಮನ್ಮಥನ ಮೂಲ ಶಿಲ್ಪ ಫ್ರೆಂಚ್ ಶಿಲ್ಪಿ ಫಾಲ್ಕೊನೆಯದು, 1757ರದು. ಮುಂದೆ ಆಮ್‌ಸ್ಟರ್‌ಡ್ಯಾಮಿಗೆ ಹೋಗುವವರು ರೈಕ್ಸ್‌ಮ್ಯೂಸಿಯಮ್ಮಿನಲ್ಲಿ ಅವನ ಅಮೃತಶಿಲೆಯ ರೂಪವನ್ನು ಸುತ್ತು ಹಾಕಿ ನೋಡಬಹುದು. ಇನ್ನೊಂದು ಕೈ ಬತ್ತಳಿಕೆಯಿಂದ ಬಾಣವನ್ನು ಮೆಲ್ಲಗೆ ಎಳೆಯುತ್ತಿದೆ.