ನಳ ಬರುವ ದಿನಗಳು: ಮಾಳಮಡ್ಡಿಯಲ್ಲಿ ಒಂದು ಚಳಿಗಾಲ

ಸೋದರಮಾವನ ಮಗ ಮತ್ತು ಅವನ ಹೆಂಡತಿ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಾಗ, ಧಾರವಾಡದ ಮಾಳಮಡ್ಡಿಯಲ್ಲಿರುವ ಅವರ ಹೆಂಚಿನ ಮನೆಯನ್ನು ಎರಡು ತಿಂಗಳು ಕಾಯುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿರುವ ನಾವು ಡಿಸೆಂಬರ್ ಮೊದಲ ವಾರದಲ್ಲಿ ರಾತ್ರಿ ರೈಲು ಹತ್ತಿ, ಬೆಳಗಿನ ಚಳಿಯಲ್ಲಿ ಧಾರವಾಡದಲ್ಲಿ ಇಳಿದೆವು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಲವು ದಿನಾಂಕಗಳ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದಿತ್ತು. ಹಬ್ಬಗಳಿರಬೇಕೆಂದುಕೊಂಡೆ. ಕೆಳಗೆ ಅಂಟಿಸಿದ್ದ ಚೀಟಿಯನ್ನು ಓದಿದ ಮೇಲೆ ತಿಳಿಯಿತು, ಅವು ನಳ ಬರುವ ದಿನಗಳು.

ನಾವಿದ್ದ ಓಣಿಗೆ ಆರು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಅದೂ ಒಂದು ದಿನ ಹಿಂದೆ ಮುಂದೆ. ಗಿಡಗಳಿಗೆ ನೀರುಣಿಸುವುದು, ಅಂಚೆ ತೆಗೆದಿಡುವುದು, ಸಂಜೆ ದೇವರ ಮುಂದೆ ದೀಪ ಹಚ್ಚುವುದು ಇವೆಲ್ಲ ಸಣ್ಣ ಕೆಲಸಗಳು. ಮನೆ ಕಾಯುವುದೆಂದರೆ ನಿಜವಾಗಿ ಆ ದಿನವನ್ನು ಕಾಯುವುದೇ ಆಗಿತ್ತು. ಬೆಳಗಿನ ನಾಲ್ಕಕ್ಕೆ ಪಕ್ಕದ ಮನೆಯ ಕಾಕು ಕಂಪೌಂಡಿನ ಮೇಲಿಂದ, "ತಂಗೀ, ನಳ ಬಂತು, ಏಳವಾ!" ಎಂದು ಕೂಗಿದರೆ, ನಾನು ತೊಟ್ಟಿ ತುಂಬಿಸುತ್ತಿದ್ದೆ, ನನ್ನವರು ಹಂಡೆ ಕೊಡಗಳನ್ನು ಹೊಂದಿಸಿಡುತ್ತಿದ್ದರು. ಇದೇ ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ದಿನದ 24 ತಾಸೂ ನೀರು ಕೊಡುವ ಪ್ರಯೋಗ ಆರಂಭವಾಗಿ ಯಶಸ್ವಿಯೂ ಆಗಿದೆ. ಹಾಗಾಗಿ ಒಂದೇ ಊರಿನೊಳಗೆ ನೀರಿನ ವಿಚಾರದಲ್ಲಿ ಎರಡು ಬಗೆಯ ನಾಗರಿಕರಿದ್ದಾರೆ, ಇದು ನನಗೆ ಸಹಜವೆನ್ನಿಸಲಿಲ್ಲ.

ಆಗ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು. ನನ್ನವರು ಕಟ್ಟೆಯ ಮೇಲೆ ಎಳೆಬಿಸಿಲಿನಲ್ಲಿ ಕುಳಿತು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು, ನಾನು ಅವರೆ ಬಿಡಿಸುತ್ತ ಕೇಳುತ್ತಿದ್ದೆ. 2012ರಲ್ಲಿ ಉದ್ಘಾಟನೆಯಾದ ಆ ಕಟ್ಟಡ ವರ್ಷದ ಬಹುಪಾಲು ಸುಮ್ಮನಿರುತ್ತದೆ. ಇಲ್ಲಿಯ ಜನರು ತಮ್ಮ ಪ್ರಶ್ನೆಗಳನ್ನೆಲ್ಲ ಆ ಕೆಲವೇ ದಿನಗಳಲ್ಲಿ ಕೇಳಿ ಮುಗಿಸಬೇಕೆಂಬ ಏರ್ಪಾಡು ಸರಿಯಲ್ಲವೆಂದು ನಾವಿಬ್ಬರೂ ಒಪ್ಪಿಕೊಂಡೆವು. ಒಪ್ಪದೆ ಉಳಿದದ್ದು ಮಹಾದಾಯಿಯ ವಿಷಯ.

ಅದನ್ನು ಅರ್ಥಮಾಡಿಕೊಳ್ಳಲು ಧಾರವಾಡದಷ್ಟು ತಕ್ಕ ಊರು ಇನ್ನೊಂದಿಲ್ಲ. ಒಂದು ಮುಂಜಾನೆ ಸೋಮೇಶ್ವರ ಗುಡಿಗೆ ಹೋದೆವು. ಶಾಲ್ಮಲೆ ಹುಟ್ಟುವುದು ಅಲ್ಲಿಯೇ. ಅವಳು ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತಾಳೆ. ಇದೇ ಊರಿನ ಪೂರ್ವದ ಇಳಿಜಾರಿನಲ್ಲಿ ಬಿದ್ದ ಮಳೆಯಾದರೋ ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯರ ದಾರಿ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ ಗೋವೆಗೆ ಇಳಿಯುವ ಮಹಾದಾಯಿಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಪಶ್ಚಿಮದಿಂದ ಪೂರ್ವಕ್ಕೆ ಹೊರಳಿಸಿ ಮಲಪ್ರಭೆಗೆ ಸೇರಿಸುವುದೇ ಈ ಭಾಗದ ದಶಕಗಳ ಬೇಡಿಕೆ. ಈ ನದಿನೀರಿನ ವಿವಾದಕ್ಕೆಂದು 2010ರಲ್ಲಿ ರಚನೆಯಾದ ನ್ಯಾಯಮಂಡಳಿಯು 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಹಂಚಿದ ಒಟ್ಟು 13.42 ಟಿಎಂಸಿಯಲ್ಲಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಈ ಎರಡು ಹಳ್ಳಗಳಿಂದ ಕುಡಿಯಲು ಸಿಗುವುದು 3.9 ಟಿಎಂಸಿ, 8.02 ಟಿಎಂಸಿ ವಿದ್ಯುತ್ತಿಗೆ ಮೀಸಲು. 2020ರಲ್ಲಿ ಅದು ರಾಜಪತ್ರದಲ್ಲಿಯೂ ಪ್ರಕಟವಾಯಿತು.

"ಭೀಮಗಡದ ಕಾಡಿಗೆ ಯಾರು ಮಾತಾಡುತ್ತಾರೆ? ಕೆಳಗೆ ಗೋವೆಯವರೂ ಅದೇ ನದಿಯನ್ನು ನಂಬಿದ್ದಾರಲ್ಲ" ಎಂದು ನನ್ನವರು ಕೇಳಿದರು. ಆ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಮೈಸೂರಿನಲ್ಲಿ ಕೊಳಾಯಿ ತಿರುಗಿಸಿ ಕಾವೇರಿಯನ್ನು ಕುಡಿದವರು, ಆರು ದಿನಕ್ಕೊಮ್ಮೆ ಹಂಡೆ ತುಂಬಿಸುವವರಿಗೆ ಕಾಡಿನ ಪಾಠ ಹೇಳುವುದಕ್ಕೆ ನನ್ನ ಬಾಯಿ ಬರಲಿಲ್ಲ. ಆ ವಾದ ಎರಡು ತಿಂಗಳೂ ಮುಗಿಯಲಿಲ್ಲ.

ಎಳ್ಳಮಾವಾಸ್ಯೆ ಕಳೆದ ಮೇಲೆ ಒಂದು ದಿನ ಹುಬ್ಬಳ್ಳಿಯಿಂದ ಬಸ್ಸು ಹಿಡಿದು, ನವಲಗುಂದದ ಮೇಲೆ ನರಗುಂದಕ್ಕೆ ಹೋಗಿಬಂದೆವು. ದಾರಿಯುದ್ದಕ್ಕೂ ಎರೆಹೊಲ, ಕಡಲೆ ಕಾಯಿಕಟ್ಟಿತ್ತು, ಬಿಳಿಜೋಳ ತೆನೆ ಹಿಡಿದಿತ್ತು. ನರಗುಂದದಲ್ಲಿ ರೈತ ಹುತಾತ್ಮರ ವೀರಗಲ್ಲಿದೆ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ತಲುಪದಿದ್ದರೂ ಅಭಿವೃದ್ಧಿ ಕರ ಕಟ್ಟಬೇಕೆಂಬ ಒತ್ತಾಯದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗೋಲಿಬಾರ್ ಆಯಿತು. ಆ ಬಂಡಾಯವು ಸರ್ಕಾರದ ಬೇರುಗಳನ್ನೇ ಅಲುಗಿಸಿತು. 1983ರ ಚುನಾವಣೆಯಲ್ಲಿ ಆಗಿನ ಮುಖ್ಯಮಂತ್ರಿ ಗುಂಡೂರಾಯರ ಪಕ್ಷ ಸೋತು, ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಮೂವತ್ತೈದು ವರ್ಷಗಳ ನಂತರ, 2015ರ ಜುಲೈನಲ್ಲಿ, ಇದೇ ಊರಿನಲ್ಲಿ ಮಹಾದಾಯಿಗಾಗಿ ಕುಳಿತ ಧರಣಿ ವರ್ಷಗಟ್ಟಲೆ ನಡೆಯಿತು. ನಾನು ಶಾಲೆಯಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವಳು. ಮಕ್ಕಳಿಗೆ ಈ ವೀರಗಲ್ಲಿನ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲವೆಂಬುದು ಅದರ ಮುಂದೆ ನಿಂತಾಗ ಮನಸ್ಸನ್ನು ಚುಚ್ಚಿತು.

ಹಿಂತಿರುಗುವಾಗ ಪಕ್ಕದ ಸೀಟಿನ ರೈತರೊಬ್ಬರು ನಾವು ಮೈಸೂರಿನವರೆಂದು ತಿಳಿದು, ಸಿಟ್ಟಿಲ್ಲದೆ ಹೇಳಿದರು: "ನಿಮ್ಮ ಕಾವೇರಿಗೆ ಬೆಂಗಳೂರು ಬಂದ್ ಆಗ್ತದ್ರಿ ಅಕ್ಕಾರ. ನಮ್ಮ ಮಹಾದಾಯಿಗೆ ನಾವಷ್ಟ ಬಂದ್ ಮಾಡ್ಕೋತೀವಿ." ನನ್ನವರು ಅಂದು ಧಾರವಾಡ ಮುಟ್ಟುವವರೆಗೂ ಮಾತಾಡಲಿಲ್ಲ.

ಜನವರಿಯ ಕೊನೆಗೆ ಹೊರಡುವ ಹಿಂದಿನ ದಿನವೂ ಬೆಳಗಿನ ಜಾವ ಕಾಕು ಕೂಗಿದರು. ತೊಟ್ಟಿ, ಹಂಡೆ, ಕೊಡಗಳನ್ನೆಲ್ಲ ತುಂಬಿಸಿ, ಮುಚ್ಚಳ ಹಾಕಿ, ಬೀಗದ ಕೈಯನ್ನು ಅವರಿಗೆ ಒಪ್ಪಿಸಿದೆವು. ಹೊಸ ಕ್ಯಾಲೆಂಡರಿನ ಫೆಬ್ರುವರಿಯ ಹಾಳೆಯಲ್ಲಿ ನನ್ನವರು ಆರು ದಿನಕ್ಕೊಂದರಂತೆ ಎಣಿಸಿ, ಕೆಂಪು ಶಾಯಿಯಿಂದ ಸುತ್ತು ಹಾಕಿದರು.