ಕೈವಾರದ ತಿರುಪು

ಇವತ್ತ ವಿಜಯಪುರದ ಸ್ಟೇಷನರಿ ಅಂಗಡ್ಯಾಗ ಒಬ್ಬ ಹುಡುಗ ಕೈವಾರ ತಿರುಗಿಸಿ ನೋಡಾಕತ್ತಿದ್ದ. ವರ್ತುಲ ಕೂಡಲಿಲ್ಲ.
"ತಿರುಪು ಸಡ್ಲ ಐತ್ರೀ ಕಾಕಾ, ಬ್ಯಾರೇದು ಕೊಡ್ರಿ."

ಅಮಿತಾವ್ ಘೋಷರ ಇಂಗ್ಲಿಷ್ ಕಾದಂಬರಿ 'ದಿ ಶ್ಯಾಡೋ ಲೈನ್ಸ್' (1988) ನೆನಪಾತು.
ಅದರಾಗ ನಿರೂಪಕ ಅಟ್ಲಾಸ್ ಮ್ಯಾಲ ಕೈವಾರದ ಮೊನೆ ಖುಲ್ನಾದಾಗ (ಆಗಿನ ಪೂರ್ವ ಪಾಕಿಸ್ತಾನದ ಊರು, ಈಗ ಬಾಂಗ್ಲಾದೇಶ) ಊರತಾನ, ಪೆನ್ಸಿಲ್ ತುದಿ ಶ್ರೀನಗರದಾಗ. 1,200 ಮೈಲಿ.
1963ರ ಡಿಸೆಂಬರ್‌ನಾಗ ಶ್ರೀನಗರದ ಹಜ್ರತ್‌ಬಲ್ ದರ್ಗಾದಿಂದ ಪ್ರವಾದಿ ಮುಹಮ್ಮದರದು ಅಂತ ನಂಬೋ ಪವಿತ್ರ ಕೇಶ ಕಾಣೆಯಾತು. ಗಲಭೆ ಎದ್ದದ್ದು ಖುಲ್ನಾದಾಗ. ಆಮೇಲೆ ಕಲ್ಕತ್ತಾ, ಢಾಕಾ.
ಗಡಿ ಆಚೀಚೆ ಅನ್ನೋದು ಆ ವರ್ತುಲಕ್ಕ ಗೊತ್ತೇ ಇಲ್ಲ.

ಢಾಕಾದ ಗಲಭ್ಯಾಗ ಆದ ತ್ರಿದೀಬನ (ನಿರೂಪಕಗ ಸಂಬಂಧದಾಗ ಕಾಕಾ) ಸಾವನ್ನ ಕಾದಂಬರಿ ನೇರ ಹೇಳೂದಿಲ್ಲ. ಮೊದಲು ಸುಳ್ಳು, ಆಮೇಲೆ ಅವನ ತಮ್ಮ ರಾಬಿಗೆ ಮತ್ತ ಮತ್ತ ಬೀಳೋ ಕನಸು, ಕಡೀಕ ತ್ರಿದೀಬನ ಗೆಳತಿ ಮೇ ಅನ್ನೋಕಿ ಬಾಯಿಂದ. ಒಬ್ಬರ ನೆನಪಿನಾಗೂ ಪೂರ್ತಿ ಇಲ್ಲ. ನಿರೂಪಕ ಹಳೇ ಪೇಪರ್ ತಿರುವಿ ಹುಡುಕತಾನ; ಅವನ ಗೆಳೆಯರಿಗೆ 1962ರ ಯುದ್ಧ ನೆನಪೈತಿ, 1964ರ ಗಲಭೆ ಇಲ್ಲ. ಯುದ್ಧಕ್ಕ ಸರಕಾರದ ಲೆಕ್ಕ ಇರತದ, ಬೀದಿ ಸಾವಿಗೆ ಎಲ್ಲೀದು? (ನನಗ ಇಡೀ ಪುಸ್ತಕದಾಗ ಭಾಳ ನಾಟಿದ್ದು ಇದ.)

ನೀವೂ ಮಾಡಿ ನೋಡ್ರಿ. ಮೊನೆ ವಿಜಯಪುರದಾಗ, ಪೆನ್ಸಿಲ್ ಬೆಂಗಳೂರಾಗ. ಪುಣೆ, ಮುಂಬೈ, ಹೈದರಾಬಾದ್ ಮೂರೂ ಒಳಗ ಬರತಾವ. 1956ರ ತನಕ ನಾವು ಮುಂಬಯಿ ರಾಜ್ಯ, ಪಕ್ಕದ ಕಲಬುರಗಿ ಹೈದರಾಬಾದ್ ರಾಜ್ಯ.
ನಕಾಶೆ ಸಣ್ಣದಿದ್ರ ಮೊನೆ ಒಂದು ಮಿಲಿಮೀಟರ್ ಜಾರಿದ್ರೂ ಹತ್ತಾರು ಕಿಲೋಮೀಟರ್ ತಪ್ಪತೈತಿ.
ತಿರುಪು ಮೊದಲ ಬಿಗಿ ಮಾಡ್ಕೋರಿ.